ಹಸಿವಿಲ್ಲದ ಊಟವೂ ಅದರ ಚಿಕಿತ್ಸೆಯೂ

ಊಟ ಸೇರದವರ ವಿಚಾರವಾಗಿ ಈ ಪುಟಗಳಲ್ಲಿ ನಾವು ಅನೇಕಾವರ್ತಿ ಬರೆದಿರುತ್ತೇವೆ. ಮಗು ತುತ್ತನ್ನು ಉಗುಳುವುದು, ಬಾಣಂತಿಗೆ ಬಾಯಿರುಚಿ ಕೆಡುವುದು, ವಯಸ್ಸಾದವರಿಗೆ ಮುದ್ದೆ ಇಳಿಯದಿರುವುದು, ಇವೆಲ್ಲವೂ ಮನೆಮನೆಗಳಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವ ತೊಂದರೆಗಳು. ಆದರೆ ಬೇಡಬೇಡವೆಂದರೂ ಕೈ ನಿಲ್ಲದೆ ತಿನ್ನುವವರ ಸಂಕಟವೊಂದುಂಟು. ಅದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ನಗುವವರೇ ಹೆಚ್ಚು. ಜ್ವರ ಬಂದವರಿಗೆ ಕನಿಕರ ತೋರುವ ನಮ್ಮ ಜನ ಹೆಚ್ಚು ತಿಂದವರಿಗೆ ಬುದ್ಧಿವಾದ ಹೇಳಿ ಕಳುಹಿಸುತ್ತಾರೆ. ಇದೊಂದು ಕಾಯಿಲೆ, ಇದಕ್ಕೆ ಕ್ರಮಬದ್ಧವಾದ ಚಿಕಿತ್ಸೆಯಿದೆ, ಆ ಚಿಕಿತ್ಸೆಯು ಉಪವಾಸದಿಂದಲ್ಲ, ಊಟದಿಂದಲೇ ಪ್ರಾರಂಭವಾಗುತ್ತದೆ ಎಂಬುದನ್ನು ಈ ಸಲ ವಿವರಿಸಬೇಕೆಂದಿದ್ದೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಮನೆಗಳನ್ನು ಕಣ್ಣ ಮುಂದಿರಿಸಿಕೊಂಡು ಬರೆಯುತ್ತೇವೆ. ಉಳಿದ ಕಡೆಯ ವಾಚಕರು ತಮ್ಮ ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಕೃಷ್ಣರಾಜಪೇಟೆಯ ಕಡೆಯ ಒಬ್ಬ ಗೃಹಿಣಿಯನ್ನು ಭಾವಿಸಿಕೊಳ್ಳೋಣ. ಹೆಸರು ಬೇಡ, ಇವಳು ಯಾವುದೊಂದು ಮನೆಯವಳೂ ಅಲ್ಲ. ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ತಟ್ಟಿಕೊಟ್ಟು ತಾನು ಬರಿಯ ಕಾಫಿ ಕುಡಿದು ಏಳುತ್ತಾಳೆ. ಮೈ ಬಂದಿದೆಯೆಂದು ಮದುವೆಮನೆಯಲ್ಲಿ ಯಾರೋ ಆಡಿದ ಮಾತು ಕಿವಿಯಿಂದ ಹೋಗಿಲ್ಲ. ಮಧ್ಯಾಹ್ನ ಮನೆಯವರೆಲ್ಲ ಉಂಡೆದ್ದ ಮೇಲೆ ಅರ್ಧ ಮುದ್ದೆ, ಒಂದಿಷ್ಟು ಉಪ್ಪುಸಾರು. ನಾಲ್ಕು ಗಂಟೆಯ ಹೊತ್ತಿಗೆ ಮನೆ ಖಾಲಿ. ಗಂಡ ಗದ್ದೆಯ ಕಡೆಗೆ, ಅತ್ತೆ ನೆರೆಮನೆಗೆ, ಮಕ್ಕಳು ಇನ್ನೂ ಶಾಲೆಯಿಂದ ಬಂದಿಲ್ಲ. ಆಗ ಹಬ್ಬಕ್ಕೆ ಮಾಡಿಟ್ಟ ಕಜ್ಜಾಯದ ಡಬ್ಬ ನೆನಪಾಗುತ್ತದೆ. ಒಂದೇ ಒಂದು ಎಂದು ತೆಗೆದವಳು ನಿಂತ ನಿಲುವಿನಲ್ಲೇ ಎಂಟು ಹತ್ತು ತಿನ್ನುತ್ತಾಳೆ. ಅಲ್ಲಿಗೂ ನಿಲ್ಲದೆ ತಣ್ಣಗಿನ ಅನ್ನ, ಬೆಲ್ಲದ ಅಚ್ಚು, ಮಕ್ಕಳಿಗೆಂದು ತಂದಿರಿಸಿದ್ದ ಬನ್ನು. ರುಚಿ ತಿಳಿಯುವುದಿಲ್ಲ, ಹೊಟ್ಟೆ ಬಿರಿಯುತ್ತಿದ್ದರೂ ಕೈ ಕೇಳುವುದಿಲ್ಲ. ಹೊರಗೆ ಮೆಟ್ಟಿನ ಸದ್ದಾದರೆ ಡಬ್ಬ ಮುಚ್ಚಿ ಬಾಯಿ ಒರೆಸಿಕೊಳ್ಳುತ್ತಾಳೆ. ರಾತ್ರಿ ಮಲಗಿ, ನಾಳೆ ಶನಿವಾರ, ಏನನ್ನೂ ಮುಟ್ಟುವುದಿಲ್ಲವೆಂದು ಶಪಥ ಮಾಡುತ್ತಾಳೆ. ಶನಿವಾರ ಕಳೆಯುತ್ತದೆ. ಭಾನುವಾರ ಸಂಜೆ ಮತ್ತೆ ಅದೇ ಡಬ್ಬ.

ಮನೆಯವರಿಗೆ ಗೊತ್ತಾದಾಗ ಬರುವ ಮೊದಲ ಮಾತು, "ತಿನ್ನಕ್ಕೂ ಒಂದು ಮಿತಿ ಬ್ಯಾಡ್ವೇನವ್ವ?" ಎಂಬುದು. ಪಾಂಡವಪುರದ ಕುಂತಿಬೆಟ್ಟದ ಸುತ್ತಿನಲ್ಲಿ ಪಾಂಡವರ ಕಥೆ ಕೇಳಿ ಬೆಳೆದವರಿಗೆ ಬಕಾಸುರನ ಹೆಸರೂ ನಾಲಗೆಯ ತುದಿಯಲ್ಲೇ ಇರುತ್ತದೆ. ಆ ಹೋಲಿಕೆ ಸಲ್ಲದು. ಬಕನು ಹಸಿದು ತಿಂದನು, ಭೀಮನು ಸಂತೋಷದಿಂದ ತಿಂದನು. ಈಕೆಗೆ ಹಸಿವೂ ಇಲ್ಲ, ಸಂತೋಷವೂ ಇಲ್ಲ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಭಸ್ಮಕವೆಂಬ ರೋಗವನ್ನು ಹೇಳಿದೆ. ಜಠರಾಗ್ನಿಯು ಅತಿಯಾಗಿ ಉರಿದು, ಉಂಡುದೆಲ್ಲ ಬೇಗ ಭಸ್ಮವಾಗಿ, ಹಸಿವು ಮರಳಿ ಮರಳಿ ಬರುವುದು ಅದರ ಲಕ್ಷಣ. ಇದು ಅದೂ ಅಲ್ಲ. ಇಲ್ಲಿ ಹಸಿವು ತೀರಿದ ಮೇಲೂ ತಿನ್ನುವುದು ತೀರುವುದಿಲ್ಲ.

೧೯೫೯ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಎಂಬವರು ಇಂತಹ ರೋಗಿಗಳ ವಿಚಾರವಾಗಿ ಮೊದಲು ಬರೆದರು. ಆದರೂ ಇದಕ್ಕೆ ಪ್ರತ್ಯೇಕವಾದ ಸ್ಥಾನ ಸಿಕ್ಕಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯಲ್ಲಿ ಬಿಂಜ್ ಈಟಿಂಗ್ ಡಿಸಾರ್ಡರ್ ಎಂಬ ಹೆಸರಿನಿಂದ ಇದನ್ನು ಸ್ವತಂತ್ರ ಕಾಯಿಲೆಯಾಗಿ ಸೇರಿಸಿತು. ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸೂಚಿಯಲ್ಲಿಯೂ ಇದು ಸೇರಿದೆ. ಲಕ್ಷಣಗಳನ್ನು ಹೀಗೆ ಗುರುತಿಸುತ್ತಾರೆ: ಸ್ವಲ್ಪ ಹೊತ್ತಿನಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ತಿನ್ನುವಾಗ ತನ್ನ ಹಿಡಿತ ತಪ್ಪಿತೆಂಬ ಭಾವನೆ ಇರುವುದು, ವಾರಕ್ಕೆ ಒಂದು ಸಲವಾದರೂ ಹೀಗಾಗಿ ಮೂರು ತಿಂಗಳು ನಡೆದಿರುವುದು. ಇದರೊಡನೆ ಗಬಗಬನೆ ತಿನ್ನುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ಹಸಿವಿಲ್ಲದೆ ತಿನ್ನುವುದು, ನಾಚಿಕೆಯಿಂದ ಒಂಟಿಯಾಗಿ ತಿನ್ನುವುದು, ಆಮೇಲೆ ತನ್ನ ಮೇಲೆಯೇ ಜಿಗುಪ್ಸೆ ತಾಳುವುದು, ಇವುಗಳಲ್ಲಿ ಮೂರಾದರೂ ಕಾಣುತ್ತವೆ. ತಿಂದುದನ್ನು ಬೇಕೆಂದೇ ವಾಂತಿ ಮಾಡುವ ಅಭ್ಯಾಸವಿದ್ದರೆ ಅದು ಬೇರೆ ರೋಗ. ಅದಕ್ಕೆ ಇನ್ನೂ ಬೇಗ ವೈದ್ಯರನ್ನು ಕಾಣತಕ್ಕದ್ದು.

ಹೀಗೆಂದ ಮಾತ್ರಕ್ಕೆ ಮೇಲುಕೋಟೆಗೆ ಹೋದವರು ಪುಳಿಯೋಗರೆಯನ್ನು ಎರಡು ಸಲ ಹಾಕಿಸಿಕೊಂಡರೆ, ಊರಹಬ್ಬದ ಬಾಡೂಟದಲ್ಲಿ ಎಲೆಯ ಮುಂದೆ ಮುಕ್ಕಾಲು ಗಂಟೆ ಕುಳಿತರೆ ರೋಗವೆಂದು ಹೆದರಬೇಕಾಗಿಲ್ಲ. ಹತ್ತು ಜನರ ನಡುವೆ ನಗುತ್ತ ಉಣ್ಣುವುದು ರೋಗವಲ್ಲ. ಒಬ್ಬರೇ ಅಡಿಗೆಮನೆಯ ಮೂಲೆಯಲ್ಲಿ ಅಳುತ್ತ ತಿನ್ನುವುದರ ವಿಚಾರವಾಗಿ ನಾವು ಹೇಳುತ್ತಿದ್ದೇವೆ. ಇದು ದಪ್ಪನೆಯವರಿಗೆ ಮಾತ್ರ ಬರುವ ಕಾಯಿಲೆಯೆಂಬುದೂ ತಪ್ಪು, ಹೆಂಗಸರ ಕಾಯಿಲೆಯೆಂಬುದೂ ತಪ್ಪು. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಗಣನೆಯಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕಿದವರು ಹೆಂಗಸರಲ್ಲಿ ನೂರಕ್ಕೆ ಮೂರೂವರೆ, ಗಂಡಸರಲ್ಲಿ ನೂರಕ್ಕೆ ಎರಡು ಎಂದು ಕಂಡುಬಂದಿತು.

ಇದು ಏಕೆ ಹೀಗಾಗುತ್ತದೆ? ವಂಶದಿಂದ ಬಂದ ಒಲವು, ಬಾಲ್ಯದಲ್ಲಿ ಕೇಳಿದ ಹೀಯಾಳಿಕೆ, ಒಂಟಿತನ, ಖಿನ್ನತೆ, ಇವೆಲ್ಲ ಸೇರಿಕೊಳ್ಳುತ್ತವೆ. ಆದರೆ ನಮ್ಮ ಮನೆಗಳಲ್ಲಿ ಲಕ್ಷ್ಯಕ್ಕೆ ಬಾರದ ಕಾರಣವೊಂದನ್ನು ವಿಸ್ತಾರವಾಗಿ ಹೇಳಬೇಕು. ಅದು ಹಸಿದುಕೊಂಡಿರುವುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪ರ ನವೆಂಬರಿನಿಂದ ಮುಂದಿನ ವರ್ಷದವರೆಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು ಒಂದು ಪ್ರಯೋಗ ನಡೆಸಿದರು. ಯುದ್ಧದಿಂದ ಕ್ಷಾಮಕ್ಕೆ ತುತ್ತಾದವರಿಗೆ ಮರಳಿ ಊಟ ಹೇಗೆ ಕೊಡಬೇಕೆಂದು ತಿಳಿಯುವುದು ಅದರ ಉದ್ದೇಶ. ಆರೋಗ್ಯವಂತರಾದ ೩೬ ಮಂದಿ ತರುಣರು ತಾವಾಗಿ ಒಪ್ಪಿ ೨೪ ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ಅವರ ಮನಸ್ಸೆಲ್ಲ ಆಹಾರದ ಮೇಲೆಯೇ ನೆಟ್ಟಿತು. ಕೆಲವರು ಅಡಿಗೆಯ ಪುಸ್ತಕಗಳನ್ನು ಕೂಡಿಡತೊಡಗಿದರು. ಕಡೆಗೆ ಊಟ ಬೇಕಾದಷ್ಟು ಸಿಕ್ಕಾಗ ಅವರಲ್ಲಿ ಹಲವರು ಹೊಟ್ಟೆಯಲ್ಲಿ ಸ್ಥಳವಿಲ್ಲದಷ್ಟು ತಿಂದರೂ ತೃಪ್ತಿ ಹೊಂದಲಿಲ್ಲ. ಇವರು ಮನಸ್ಸು ದುರ್ಬಲವಾದವರಲ್ಲ, ಆರಿಸಿ ತೆಗೆದ ಗಟ್ಟಿಮುಟ್ಟಾದ ಯುವಕರು. ಹಸಿವನ್ನು ಬಲವಂತವಾಗಿ ಅದುಮಿದರೆ ದೇಹವು ಸಮಯ ಕಾದು ತೀರಿಸಿಕೊಳ್ಳುತ್ತದೆಯೆಂದು ಇದರಿಂದ ತಿಳಿಯಿತು. ಎಲ್ಲ ರೋಗಿಗಳಲ್ಲಿಯೂ ಹಸಿದಿರುವುದೇ ಮೊದಲು ಬರುತ್ತದೆಂದಲ್ಲ, ಕೆಲವರಲ್ಲಿ ತಿನ್ನುವುದೇ ಮೊದಲು; ಆದರೆ ಒಮ್ಮೆ ಈ ಸುಳಿಗೆ ಬಿದ್ದ ಮೇಲೆ ಪ್ರತಿಯೊಂದು ಶಪಥದ ಉಪವಾಸವೂ ಮುಂದಿನ ಸಲಕ್ಕೆ ದಾರಿ ಮಾಡಿಕೊಡುತ್ತದೆ.

ಏಕಾದಶಿ, ಶನಿವಾರ, ಶ್ರಾವಣಮಾಸದ ಒಪ್ಪೊತ್ತು, ಇವು ನಮ್ಮಲ್ಲಿ ಹಿಂದಿನಿಂದ ಬಂದವು. ಅವನ್ನು ಹಳಿಯುವುದು ನಮ್ಮ ಇಷ್ಟವಲ್ಲ. ಆದರೆ ದೇವರಿಗೆಂದು ಮಾಡುವ ಉಪವಾಸ ಬೇರೆ, ತನಗೆ ದಂಡನೆಯೆಂದು ಮಾಡುವ ಉಪವಾಸ ಬೇರೆ. ಚಿಕಿತ್ಸೆಯ ತಿಂಗಳುಗಳಲ್ಲಿ ಎರಡನ್ನೂ ಬದಿಗಿಡುವುದು ಒಳ್ಳೆಯದು. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಕೊಡುವುದು ನಮ್ಮ ಹಿರಿಯರಿಗೂ ತಿಳಿದದ್ದೇ. ಸೊಸೆಯಾದವಳು ಎಲ್ಲರೂ ಉಂಡ ಮೇಲೆ, ಮಿಕ್ಕದ್ದರಲ್ಲಿ, ಮೂರು ಗಂಟೆಗೆ ಉಣ್ಣುವ ಪದ್ಧತಿಯನ್ನಂತೂ ವ್ರತವೆಂದು ಕರೆಯಲು ನಾವು ಸಿದ್ಧರಿಲ್ಲ.

ಇನ್ನು ಚಿಕಿತ್ಸೆಯ ಮಾತು. ಹೆಚ್ಚು ಪರೀಕ್ಷೆಗೆ ಒಳಪಟ್ಟು ನೆಚ್ಚಿಕೆ ಗಳಿಸಿರುವುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಎಂದರೆ ಆಲೋಚನೆಯನ್ನೂ ನಡವಳಿಕೆಯನ್ನೂ ಕೂಡಿಯೇ ತಿದ್ದುವ ಮಾತಿನ ಚಿಕಿತ್ಸೆ. ತಿನಿಸಿನ ಕಾಯಿಲೆಗಳಿಗೆ ಇದನ್ನು ಹೊಂದಿಸಿ ಬೆಳೆಸಿದವರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಪ್ರಮುಖರು. ಮೊದಲ ಭೇಟಿಯಲ್ಲಿ ವೈದ್ಯರು ಕೇಳಿ ತಿಳಿಯುತ್ತಾರೆ, ತೂಕ ನೋಡುತ್ತಾರೆ, ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಮುಂತಾದವನ್ನು ಪರೀಕ್ಷಿಸಬಹುದು. ಜೀವ ಬೇಡವೆನ್ನಿಸಿದ್ದುಂಟೇ ಎಂದೂ ಕೇಳುತ್ತಾರೆ. ಅದಕ್ಕೆ ಸಂಕೋಚಪಡದೆ ನಿಜವನ್ನೇ ಹೇಳಬೇಕು. ಈ ಕಾಯಿಲೆಯೊಡನೆ ಖಿನ್ನತೆ ಸೇರಿರುವುದು ಸಾಮಾನ್ಯ.

ಅನಂತರದ ಮೊದಲ ಕೆಲಸ ಒಂದು ಪುಸ್ತಕ. ತಿಂದ ಕೂಡಲೆ, ರಾತ್ರಿಗೆಂದು ಮುಂದೂಡದೆ, ಬರೆಯಬೇಕು: ಎಷ್ಟು ಗಂಟೆ, ಎಲ್ಲಿ, ಏನು ತಿಂದೆ, ಹಿಡಿತ ತಪ್ಪಿತೆನ್ನಿಸಿದರೆ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು, ಆಗ ಮನಸ್ಸಿನಲ್ಲಿ ಏನಿತ್ತು. 'ನಾಲ್ಕು ಗಂಟೆ, ಅಡಿಗೆಮನೆ, ಕಜ್ಜಾಯ ಎಂಟು, ನಕ್ಷತ್ರ, ಬೆಳಿಗ್ಗೆಯಿಂದ ಸರಿಯಾಗಿ ಉಂಡಿಲ್ಲ, ತಮ್ಮನೊಡನೆ ಫೋನಿನಲ್ಲಿ ಮಾತು ಬೆಳೆಯಿತು', ಇಷ್ಟೇ ಸಾಕು. ಬರೆಯಲು ಬಾರದವರು ಮೊಬೈಲಿನಲ್ಲಿ ಹೇಳಿಡಬಹುದು. ಎರಡು ವಾರದ ಪುಟಗಳನ್ನು ವೈದ್ಯರ ಮುಂದೆ ತಿರುವಿದಾಗ, ಎಲ್ಲಿಂದಲೋ ಬಂದು ಎರಗುತ್ತದೆಂದುಕೊಂಡಿದ್ದ ಪಿಶಾಚಿಯು ಹೆಚ್ಚಾಗಿ ನಾಲ್ಕು ಗಂಟೆಗೇ, ಬರಿಹೊಟ್ಟೆಯ ದಿನವೇ ಬರುತ್ತದೆಂದು ರೋಗಿಯೇ ಕಂಡುಕೊಳ್ಳುತ್ತಾಳೆ. ತೂಕವನ್ನು ವಾರಕ್ಕೆ ಒಂದೇ ಸಲ ನೋಡುವುದು. ದಿನಕ್ಕೆ ಮೂರು ಸಲ ತಕ್ಕಡಿ ಹತ್ತುವುದನ್ನೂ, ಭಯದಿಂದ ಅದನ್ನು ಕಣ್ಣೆತ್ತಿಯೂ ನೋಡದಿರುವುದನ್ನೂ ಬಿಡಿಸುತ್ತಾರೆ.

ಎರಡನೆಯದು ಹೊತ್ತಿಗೆ ಸರಿಯಾಗಿ ತಿನ್ನುವುದು. ಇದೇ ಚಿಕಿತ್ಸೆಯ ಬೆನ್ನೆಲುಬು. ದಿನಕ್ಕೆ ಮೂರು ಊಟ, ನಡುನಡುವೆ ಎರಡು ಅಥವಾ ಮೂರು ಸಣ್ಣ ತಿಂಡಿ. ಎರಡರ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡುವು ಕೂಡದು. ನಮ್ಮ ಮನೆಗಳಿಗೆ ಹೊಂದಿಸಿದರೆ ಹೀಗಾಗಬಹುದು: ಎಂಟು ಗಂಟೆಗೆ ರೊಟ್ಟಿ ಪಲ್ಯ, ಹನ್ನೊಂದಕ್ಕೆ ಒಂದು ಲೋಟ ಮಜ್ಜಿಗೆಯೂ ಬಾಳೆಯ ಹಣ್ಣೂ, ಒಂದೂವರೆಗೆ ಎಲ್ಲರ ಜೊತೆಯಲ್ಲಿ ಕುಳಿತು ಮುದ್ದೆ, ಹುರುಳಿಕಾಳಿನ ಸಾರು, ನಾಲ್ಕೂವರೆಗೆ ಕಾಫಿಯೊಡನೆ ಒಂದು ಬಟ್ಟಲು ಕಡಲೆಪುರಿ, ಎಂಟಕ್ಕೆ ರಾತ್ರಿಯ ಊಟ. ಮೊದಮೊದಲು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದಕ್ಕಿಂತ ಯಾವಾಗ ತಿನ್ನಬೇಕೆಂಬುದಕ್ಕೇ ಪ್ರಾಶಸ್ತ್ಯ. ಹಿಂದಿನ ಸಂಜೆ ಎಷ್ಟೇ ತಿಂದಿದ್ದರೂ ಮರುದಿನದ ಎಂಟು ಗಂಟೆಯ ರೊಟ್ಟಿಯನ್ನು ತಪ್ಪಿಸಬಾರದು. ರೋಗಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಮೈ ಇನ್ನೂ ಬೆಳೆದೀತೆಂಬ ಭಯ. ಹೆಚ್ಚು ತಿನ್ನುವ ಕಾಯಿಲೆಗೆ ತಿನ್ನುವುದೇ ಮದ್ದೆಂದರೆ ಅತ್ತೆಯವರು ನಗಲೂಬಹುದು. ಆದರೆ ಈ ಒಂದು ಕ್ರಮ ನಿಂತರೆ ಅನೇಕರಲ್ಲಿ ನಕ್ಷತ್ರದ ಗುರುತುಗಳು ಕೆಲವು ವಾರಗಳಲ್ಲೇ ಕಡಿಮೆಯಾಗುತ್ತವೆ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು ಬದಲಾಯಿಸುವ ಮೊದಲು ತಮ್ಮ ವೈದ್ಯರಿಗೆ ತಿಳಿಸಲೇಬೇಕು.

ಆದರೂ ನಾಲ್ಕು ಗಂಟೆಯ ಸೆಳೆತ ಬಂದೇ ಬರುತ್ತದೆ. ಅದು ಏರಿ, ತುಂಬಿ, ಇಳಿಯುವ ಸ್ವಭಾವದ್ದು, ತಿನ್ನದಿದ್ದರೂ ಇಳಿಯುತ್ತದೆ. ಅಷ್ಟು ಹೊತ್ತನ್ನು ಕಳೆಯಲು ಏನೇನು ಮಾಡುವೆನೆಂದು ಮೊದಲೇ ಪಟ್ಟಿ ಬರೆದಿಟ್ಟುಕೊಳ್ಳಹೇಳುತ್ತಾರೆ: ಅಡಿಗೆಮನೆ ಬಿಟ್ಟು ಜಗಲಿಗೆ ಬರುವುದು, ಸ್ನಾನ ಮಾಡುವುದು, ಗೆಳತಿಗೆ ಫೋನು ಮಾಡುವುದು, ನಾಲೆಯ ಏರಿಯವರೆಗೆ ನಡೆದು ಬರುವುದು. ಡಬ್ಬಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಅತ್ತೆಯ ಸೆರಗಿಗೆ ಕಟ್ಟುವ ಉಪಾಯವನ್ನು ನಾವು ಒಪ್ಪೆವು. ಅದರಿಂದ ಸೊಸೆಯು ಮನೆಯಲ್ಲಿ ಕಳ್ಳಿಯಾಗುತ್ತಾಳೆಯೇ ಹೊರತು ಗುಣಮುಖಳಾಗುವುದಿಲ್ಲ.

ಮೂರನೆಯ ಘಟ್ಟದಲ್ಲಿ ನಿಷೇಧಗಳನ್ನು ಮುಟ್ಟುತ್ತಾರೆ. ಇಂತಹ ರೋಗಿಗಳಲ್ಲಿ ಬಹುಮಂದಿಗೆ 'ನಾನು ಮುಟ್ಟಬಾರದ' ಪದಾರ್ಥಗಳ ಉದ್ದನೆಯ ಪಟ್ಟಿಯಿರುತ್ತದೆ: ಬೆಲ್ಲ, ಒಬ್ಬಟ್ಟು, ಅನ್ನ, ಬೇಕರಿಯ ತಿಂಡಿ. ನಿಯಮ ಮುರಿದ ಕ್ಷಣದಲ್ಲಿ 'ಹೇಗೂ ಕೆಟ್ಟಿತು, ಇನ್ನು ಎಷ್ಟು ತಿಂದರೇನು' ಎಂಬ ಯೋಚನೆ ಬಂದು ಅಣೆಕಟ್ಟು ಒಡೆಯುತ್ತದೆ. ಕಬ್ಬು ಬೆಳೆಯುವ, ಆಲೆಮನೆಯ ಹೊಗೆ ಕಾಣುವ ಸೀಮೆಯಲ್ಲಿ ಬೆಲ್ಲದಿಂದ ಓಡಿಹೋಗಲು ಯಾರಿಗೆ ಸಾಧ್ಯ? ಆದುದರಿಂದ ಹೆದರಿಕೆಯ ಪದಾರ್ಥಗಳನ್ನು ಒಂದೊಂದಾಗಿ, ಮನಸ್ಸು ನೆಮ್ಮದಿಯಾಗಿರುವ ದಿನ, ಹೊಟ್ಟೆ ತುಂಬ ಉಂಡ ಮೇಲೆ, ಸ್ವಲ್ಪವಾಗಿ, ಎಲ್ಲರ ಎದುರಿಗೆ ತಿಂದು ರೂಢಿಸಿಕೊಳ್ಳುವಂತೆ ಹೇಳುತ್ತಾರೆ. ಇದರ ಜೊತೆಗೇ ತನ್ನ ಬೆಲೆಯನ್ನೆಲ್ಲ ಮೈಯ ಗಾತ್ರದಿಂದಲೇ ಅಳೆದುಕೊಳ್ಳುವ ಅಭ್ಯಾಸವನ್ನೂ, ಜಗಳವೋ ಬೇಸರವೋ ಬಂದಾಗ ತಿನಿಸಿಗೆ ಕೈಹಾಕುವುದರ ಬದಲು ಆ ಕಷ್ಟವನ್ನೇ ಎದುರಿಸುವ ಬಗೆಯನ್ನೂ ವಿಚಾರ ಮಾಡುತ್ತಾರೆ. ಕೊನೆಯ ಭೇಟಿಗಳಲ್ಲಿ ಮುಂದಿನ ಅಪಾಯದ ದಿನಗಳಿಗೆ ಸಿದ್ಧತೆ. ಪಿತೃಪಕ್ಷ, ದೀಪಾವಳಿ, ಮಗಳ ಮದುವೆ ಇಂತಹ ದಿನಗಳನ್ನು ಮುಂಚಿತವಾಗಿ ಗುರುತು ಹಾಕಿಕೊಳ್ಳುವುದು. ಒಂದು ಸಂಜೆ ಜಾರಿದರೆ ಎಲ್ಲವೂ ಮರಳಿ ಬಂತೆಂದು ಪುಸ್ತಕವನ್ನು ಎಸೆಯಬಾರದೆಂದು ಆಗಲೇ ಹೇಳಿಡುತ್ತಾರೆ.

ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಮಾರ್ಗದರ್ಶನದ ಪ್ರಕಾರ, ಪ್ರೌಢರಿಗೆ ಮೊದಲು ಪುಸ್ತಕದ ನೆರವಿನಿಂದ ಸ್ವಯಂಚಿಕಿತ್ಸೆ ಮಾಡಿಸಿ ನಡುನಡುವೆ ಇಪ್ಪತ್ತು ನಿಮಿಷದಂತೆ ನಾಲ್ಕರಿಂದ ಒಂಬತ್ತು ಸಲ ಮಾತನಾಡಿಸಿದರೆ ಸಾಕಾಗಬಹುದು. ಅದು ಫಲಿಸದಿದ್ದರೆ ಹಲವರನ್ನು ಕೂಡಿಸಿ ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ೧೬ ಸಲ. ಇಲ್ಲವೆ ಒಬ್ಬೊಬ್ಬರನ್ನೇ ೧೬ರಿಂದ ೨೦ ಸಲ. ಚಿಕಿತ್ಸೆ ಪೂರೈಸಿದವರಲ್ಲಿ ಸರಿಸುಮಾರು ಅರ್ಧದಷ್ಟು ಜನಕ್ಕೆ ಈ ತಿನ್ನುವಿಕೆ ಪೂರ್ತಿ ನಿಲ್ಲುತ್ತದೆ, ಇನ್ನೂ ಅನೇಕರಿಗೆ ಬಹಳ ಮಟ್ಟಿಗೆ ಇಳಿಯುತ್ತದೆ. ಆದರೆ ಮೈ ಇಳಿಯುವುದೇ? ಹೆಚ್ಚಾಗಿ ಇಳಿಯದು. ಇದನ್ನು ಮೊದಲೇ ತಿಳಿಯದ ಮನೆಯವರು ಮೂರು ತಿಂಗಳಿಗೆ ತೂಕ ಇಳಿಯಲಿಲ್ಲವೆಂದು ಚಿಕಿತ್ಸೆಯನ್ನೇ ನಿಲ್ಲಿಸಿಬಿಡುವ ಅಪಾಯವುಂಟು. ತೂಕದ ವಿಚಾರ ಆಮೇಲೆ, ಬೇರೆಯಾಗಿ ನೋಡಿಕೊಳ್ಳತಕ್ಕದ್ದು.

ಇಂಟರ್‌ಪರ್ಸನಲ್ ಥೆರಪಿ ಎಂಬ ಇನ್ನೊಂದು ವಿಧಾನವೂ ಉಂಟು. ಇದರಲ್ಲಿ ತಿನಿಸಿನ ಮಾತೇ ಕಡಿಮೆ. ಮನುಷ್ಯರ ನಡುವಣ ಸಂಬಂಧಗಳಲ್ಲಿ ಎಲ್ಲಿ ಗಂಟು ಬಿದ್ದಿದೆ, ಯಾರ ಸಾವಿನ ದುಃಖ ಉಳಿದಿದೆ, ತವರು ಬಿಟ್ಟು ಬಂದ ಮೇಲೆ ಯಾವ ಹೊಸ ಪಾತ್ರಕ್ಕೆ ಹೊಂದಿಕೊಳ್ಳಲಾಗಲಿಲ್ಲ ಎಂದು ಹುಡುಕಿ ಅದನ್ನು ಬಿಡಿಸುತ್ತಾರೆ. ನಮ್ಮ ಕೂಡುಕುಟುಂಬಗಳಿಗೆ ಇದು ಚೆನ್ನಾಗಿ ಹೊಂದೀತೆಂದು ನಮಗೆ ತೋರುತ್ತದೆ. ಔಷಧಿಗಳೂ ಇವೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದರಲ್ಲಿಯೂ ಸಹಾಯ ಮಾಡಬಹುದು. ಆದರೆ ಮಾತ್ರೆಯೊಂದನ್ನೇ ನೆಚ್ಚಬಾರದೆಂಬುದು ಮೇಲಿನ ಮಾರ್ಗದರ್ಶನದ ಅಭಿಪ್ರಾಯ. ಮೈ ಕರಗಿಸುವೆವೆಂದು ಮಾರುವ ಪುಡಿ, ಕಷಾಯಗಳ ಹತ್ತಿರಕ್ಕೂ ಹೋಗಬಾರದು.

ಮನೆಯವರಿಗೆ ಕೆಲಸ ಸ್ವಲ್ಪವೇ, ಆದರೆ ಅದನ್ನು ಬಿಟ್ಟರೆ ವೈದ್ಯರ ಶ್ರಮ ಅರ್ಧ ವ್ಯರ್ಥ. ಒಂದೂವರೆಗೆ ಸೊಸೆಯನ್ನೂ ಕೂರಿಸಿಕೊಂಡು ಉಣ್ಣುವುದು. ತಟ್ಟೆಯನ್ನು ನೋಡಿ ಲೆಕ್ಕ ಹಾಕದಿರುವುದು. ಮೈಕಟ್ಟಿನ ಮಾತನ್ನು ಹೊಗಳಿಕೆಯಾಗಿಯೂ ತೆಗಳಿಕೆಯಾಗಿಯೂ ಆಡದಿರುವುದು. ಪುಸ್ತಕವನ್ನು ಕದ್ದು ಓದದಿರುವುದು. ಕಾಲೇಜಿಗೆ ಹೋಗುವ ಮಗನೋ ಮಗಳೋ ಹೀಗೆ ತಿನ್ನುವುದು ಕಂಡರೂ ಇದೇ ಕ್ರಮ.

ಎಲ್ಲಿಗೆ ಹೋಗಬೇಕೆಂಬುದು ಉಳಿಯಿತು. ನಾಗಮಂಗಲದವರಿಗೆ ತಮ್ಮ ತಾಲ್ಲೂಕಿನಲ್ಲೇ, ಬೆಳ್ಳೂರಿನ ಬಳಿಯ ಬಿ. ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಿದೆ. ಕೃಷ್ಣರಾಜಪೇಟೆ, ಪಾಂಡವಪುರಗಳವರು ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಹೋಗಬಹುದು. ಶ್ರೀರಂಗಪಟ್ಟಣದವರಿಗೆ ಮೈಸೂರಿನ ಕೃಷ್ಣರಾಜ ಆಸ್ಪತ್ರೆಯೇ ಸಮೀಪ. ಇವುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ ಬರುವ ಏರ್ಪಾಡು, ಮನೋಚೈತನ್ಯವೆಂಬ ಹೆಸರಿನಲ್ಲಿ, ನಮ್ಮ ರಾಜ್ಯದಲ್ಲಿ ೨೦೧೪ರಲ್ಲಿ ಪ್ರ್ರಾರಂಭವಾಯಿತು. ತಮ್ಮೂರಿಗೆ ಯಾವ ದಿನವೆಂದು ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಬೇಕು. ಮನೆ ಬಿಟ್ಟು ಹೊರಡಲಾಗದವರು ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಬಹುದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಯಲ್ಲಿ ಹಗಲುರಾತ್ರಿ ಕನ್ನಡದಲ್ಲಿಯೇ ಮಾತನಾಡುವವರು ಸಿಕ್ಕುತ್ತಾರೆ, ಖರ್ಚಿಲ್ಲ. ಬಸ್ಸಿನ ದುಡ್ಡು ಕೇಳಿದರೆ ಏತಕ್ಕೆಂದು ಹೇಳಬೇಕಾಗುತ್ತದಲ್ಲ ಎಂದು ಹಿಂಜರಿಯುತ್ತಿದ್ದ ಸೋದರಿಯರಿಗೆ, ೨೦೨೩ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಆ ತೊಡಕು ತಪ್ಪಿದೆ.

ವೈದ್ಯರ ಮುಂದೆ ಕುಳಿತಾಗ 'ಹೊಟ್ಟೆ ಉಬ್ಬರ', 'ಸುಸ್ತು' ಎಂದು ಸುತ್ತಿ ಬಳಸಿ ಹೇಳಿದರೆ ಜೀರ್ಣಕ್ಕೊಂದು ಮಾತ್ರೆ ಬರೆದು ಕಳುಹಿಸಿಯಾರು. 'ಹಸಿವಿಲ್ಲದಿದ್ದರೂ ತಿನ್ನುತ್ತೇನೆ, ನಿಲ್ಲಿಸಲಾಗುವುದಿಲ್ಲ, ವಾರಕ್ಕೆ ಇಷ್ಟು ಸಲ, ಇಷ್ಟು ತಿಂಗಳಿಂದ' ಎಂದು ನೇರವಾಗಿ ಹೇಳತಕ್ಕದ್ದು. 'ಕಡಿಮೆ ತಿನ್ನಿ' ಎಂದಷ್ಟೇ ಉತ್ತರ ಬಂದರೆ, ಮಾತಿನ ಚಿಕಿತ್ಸೆ ಮಾಡುವ ಮನಶ್ಶಾಸ್ತ್ರಜ್ಞರು ಇಲ್ಲಿದ್ದಾರೆಯೇ ಎಂದು ಕೇಳಬೇಕು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಒಂದು ವಾರ ಮೊದಲೇ ಮೇಲೆ ಹೇಳಿದಂತೆ ಬರೆದಿಟ್ಟು, ಆ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರೂ ಸಾಕು.